ಒಂದು ಗ್ರಿಲ್ ಕೋಳಿ, ನಾಲ್ಕು ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯವಳು. ಮನೆಯಲ್ಲಿ ಏಳು ಜನ, ಕೋಳಿ ತಿನ್ನುವವರು ಆರು: ಮಾವ, ನಮ್ಮವರು, ನಾನು, ಮೂರು ಮಕ್ಕಳು. ಅತ್ತೆ ಪಂಢರಪುರಕ್ಕೆ ಹೋಗಿ ತುಳಸಿ ಮಾಳ ಹಾಕಿಕೊಂಡು ಬಂದ ಮೇಲೆ ಮಾಂಸ ಬಿಟ್ಟರು. ತಿಂಗಳಿಗೆ ಎರಡು ಸಲ, ಮಂಗಳವಾರ ಸಂಜೆ, ಒಂದು ಫುಲ್ ಗ್ರಿಲ್ ಚಿಕನ್ ಮನೆಗೆ ಬರುತ್ತದೆ. ಅದು ಶುಕ್ರವಾರ ಮಧ್ಯಾಹ್ನದ ತನಕ ನಡೆಯುತ್ತದೆ. ಓಣಿಯವರಿಗೆ ನಂಬಿಕೆ ಬರುವುದಿಲ್ಲ. "ವೈನಿ, ನಮ್ಮನ್ಯಾಗ ಒಂದ ಕೋಳಿ ಹತ್ತ ನಿಮಿಷ ನಿಲ್ಲಂಗಿಲ್ಲ. ನಿಮ್ಮಲ್ಲಿ ನಾಲ್ಕ ಊಟ ಹ್ಯಾಂಗ ಆಗ್ತದ?" ಅಂತ ಕೇಳುತ್ತಾರೆ. ಕೇಳಿದವರಿಗೆಲ್ಲ ಬಾಯಿಮಾತಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಗ್ರಿಲ್ ಚಿಕನ್ ಅಂದ್ರೆ ಯಾವುದು? ತಂದೂರಿ, ಅಲ್ ಫಹಮ್ ಕೂಡ ನಡೆಯುತ್ತಾ?

ಸಂಜೆಯಾದರೆ ಅಂಗಡಿ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಸರಳಿಗೆ ಸಿಕ್ಕಿಸಿಕೊಂಡು ಗರಗರ ತಿರುಗುತ್ತಿರುತ್ತದಲ್ಲ, ಅದು. ಇಡೀ ಕೋಳಿ, ತೊಗಲು ಸಮೇತ. ತಿರುಗುತ್ತಿರುವುದರಿಂದ ಕೊಬ್ಬು ಒಂದೇ ಕಡೆ ಸೋರಿಹೋಗದೆ ಮೈಯೆಲ್ಲ ಹರಿಯುತ್ತದೆ. ಮೇಲಿನ ಸಾಲಿನದು ಕೆಳಗಿನ ಸಾಲಿನ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ನಾನು ಯಾವಾಗಲೂ ಕೆಳಗಿನ ಸಾಲಿನದು ಕೊಡಿ ಅನ್ನುತ್ತೇನೆ. ಅಂಗಡಿಯ ಹುಡುಗ ನಗುತ್ತಾನೆ, ಕೊಡುತ್ತಾನೆ.

ತಂದೂರಿ ನಡೆಯುತ್ತದೆ, ಆದರೆ ಅದಕ್ಕೆ ತೊಗಲು ಇರುವುದಿಲ್ಲ. ಮಾಂಸ ಬೇಗ ಒಣಗುತ್ತದೆ. ಅಲ್ ಫಹಮ್ ಕೆಂಡದ ಮೇಲೆ ಬಿಡಿಸಿ ಸುಟ್ಟದ್ದು, ಹೊಗೆಯ ವಾಸನೆ ಜಾಸ್ತಿ. ಅದರ ಎಲುಬಿನ ಸಾರು ನನಗೆ ಅಷ್ಟಕ್ಕಷ್ಟೇ. ಎಣ್ಣೆಯಲ್ಲಿ ಕರಿದ ಕಬಾಬ್ ಮಾತ್ರ ಈ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಅಲ್ಲೇ ನಿಂತು ತಿಂದು ಬನ್ನಿ.

ಯೂಟ್ಯೂಬ್‌ನಲ್ಲಿ ಅಮೆರಿಕದವರು ಒಂದು ಕೋಳಿಯಲ್ಲಿ ಐದಾರು ಊಟ ಮಾಡಿ ತೋರಿಸ್ತಾರೆ. ನಮಗೆ ಯಾಕೆ ಆಗಲ್ಲ?

ಕೋಳಿಯೇ ಬೇರೆ ರೀ. ಅಲ್ಲಿ ಇದಕ್ಕೆ ರೋಟಿಸರಿ ಚಿಕನ್ ಅನ್ನುತ್ತಾರೆ. ಕಾಸ್ಟ್ಕೋ ಅನ್ನುವ ದೊಡ್ಡ ಅಂಗಡಿಯಲ್ಲಿ ಅದರ ಬೆಲೆ 4.99 ಡಾಲರ್‌ಗೇ ವರ್ಷಗಟ್ಟಲೆಯಿಂದ ನಿಂತಿದೆ. ಅಲ್ಲಿನ ಕೋಳಿ ಬೆಂದ ಮೇಲೂ 1.3 ಕೆ.ಜಿ.ಗೆ ಕಡಿಮೆ ಇರುವುದಿಲ್ಲ. ನಮ್ಮ ಅಂಗಡಿಯದು ಸಣ್ಣದು. ಒಮ್ಮೆ ಹಟ ಹಿಡಿದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಇಡೀ ಕೋಳಿ 780 ಗ್ರಾಂ. ಬಿಡಿಸಿದಾಗ ಮಾಂಸ 440, ಎಲುಬು 230, ತೊಗಲು 70. ಮಿಕ್ಕಿದ್ದು ಪೊಟ್ಟಣದಲ್ಲಿ ಇಳಿದ ರಸ.

ಅಂದರೆ ಅವರ ವಿಡಿಯೊ ನೋಡಿ ಅದೇ ಲೆಕ್ಕ ಹಾಕಿದರೆ ಎರಡನೇ ದಿನಕ್ಕೇ ಕೈ ಖಾಲಿ. ನಮ್ಮ ಲೆಕ್ಕ 440 ಗ್ರಾಂನಿಂದ ಶುರುವಾಗಬೇಕು.

ಅಷ್ಟರಲ್ಲಿ ಆರು ಜನಕ್ಕೆ ನಾಲ್ಕು ಊಟ ಅಂದ್ರೆ ಪಾಲಿಗೆ ಎಷ್ಟು ಬಂತು?

ಒಬ್ಬರಿಗೆ ಒಂದು ಊಟಕ್ಕೆ 18 ಗ್ರಾಂ. ಸುಳ್ಳು ಹೇಳಿ ಏನು ಮಾಡಲಿ? ಅದರಲ್ಲಿ ಪ್ರೋಟೀನು ಸುಮಾರು 5 ಗ್ರಾಂ. ನನ್ನಂಥ 55 ಕೆ.ಜಿ. ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ (ಐಸಿಎಂಆರ್) ಲೆಕ್ಕ ಇದೆ. ಕೋಳಿಯಿಂದಲೇ ಹೊಟ್ಟೆ ತುಂಬಿಸುತ್ತೇನೆ ಅಂದುಕೊಂಡರೆ ಇದು ಆಗುವ ಮಾತಲ್ಲ.

ಹೊಟ್ಟೆ ತುಂಬಿಸುವುದು ರೊಟ್ಟಿ, ತೊಗರಿ ಬೇಳೆ, ಹೆಸರುಕಾಳು, ತತ್ತಿ, ಅನ್ನ. ಬೇಳೆಗೇನು ನಮ್ಮಲ್ಲಿ ಬರ ಇಲ್ಲ. 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಪಟ್ಟ ಸಿಕ್ಕ ತೊಗರಿ ಬೇಳೆ ನಮ್ಮೂರಿನದೇ. ಕೋಳಿ ಇವೆಲ್ಲದರ ಜೊತೆಗೆ ಬರುವ ರುಚಿ. ಮದುವೆ ಮನೆಯಲ್ಲಿ ತಟ್ಟೆಗೆ ಎಷ್ಟು ಪೀಸ್ ಬಿತ್ತು ಅಂತ ಎಣಿಸುವ ಅಭ್ಯಾಸ ಇದೆಯಲ್ಲ, ಅದನ್ನು ಮನೆಯ ಹೊರಗೆ ಬಿಟ್ಟು ಬನ್ನಿ.

ಮನೆಗೆ ತಂದ ಕೂಡಲೇ ಏನು ಮಾಡಬೇಕು?

ಪೊಟ್ಟಣ ಊಟದ ಜಾಗಕ್ಕೆ ಹೋಗಬಾರದು, ಸೀದಾ ಅಡುಗೆಮನೆಗೆ ಬರಬೇಕು. ನಾಲ್ಕು ಊಟ ಆಗುತ್ತದೋ ಇಲ್ಲವೋ ಅನ್ನುವುದು ಮೊದಲ ಹದಿನೈದು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

ಅಗಲವಾದ ಪರಾತದಲ್ಲಿ ಕೋಳಿ ಇಡಿ. ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಬಿಡಿಸಬೇಕು. ಆರಿದರೆ ಕೊಬ್ಬು ಗಟ್ಟಿಯಾಗಿ ಮಾಂಸ ಎಲುಬಿಗೆ ಅಂಟಿಕೊಳ್ಳುತ್ತದೆ. ಮೊದಲು ಕಾಲು. ತೊಡೆಯನ್ನು ಹೊರಗೆ ಮಡಚಿ, ಟಕ್ ಅಂತ ಕೀಲು ಬಿಡುತ್ತದೆ, ಚಾಕು ಬೇಡ. ಆಮೇಲೆ ರೆಕ್ಕೆ. ಎದೆಯ ನಡುವೆ ಉದ್ದಕ್ಕೆ ಒಂದು ಎಲುಬಿದೆ. ಅದರ ಪಕ್ಕ ಹೆಬ್ಬೆರಳು ತೂರಿಸಿ ಜಾರಿಸಿದರೆ ಎದೆಯ ಮಾಂಸ ಇಡಿಯಾಗಿ ಕೈಗೆ ಬರುತ್ತದೆ. ಈಗ ಕೋಳಿಯನ್ನು ಬೋರಲು ಹಾಕಿ. ಬೆನ್ನಿನ ಕೆಳಭಾಗದಲ್ಲಿ, ತೊಡೆ ಸೇರುತ್ತಿದ್ದ ಕಡೆ, ಎರಡು ಗುಳಿ ಸಿಗುತ್ತವೆ. ಅದರಲ್ಲಿ ಒಂದೊಂದು ರೂಪಾಯಿ ನಾಣ್ಯದಷ್ಟು ಮಾಂಸ ಇರುತ್ತದೆ. ಇಡೀ ಕೋಳಿಯಲ್ಲಿ ಅಷ್ಟು ಮೆತ್ತಗಿನ ತುಣುಕು ಇನ್ನೊಂದಿಲ್ಲ. ಅದು ಬಿಡಿಸಿದವರ ಪಾಲು. ಅದನ್ನು ಯಾರಿಗೂ ತೋರಿಸದೆ ಬಾಯಿಗೆ ಹಾಕಿಕೊಳ್ಳಿ, ನಾನು ಹಾಗೇ ಮಾಡುತ್ತೇನೆ.

ನಾಲ್ಕು ಡಬ್ಬಿ ತೆಗೆದುಕೊಳ್ಳಿ. ಕಾಲು ತೊಡೆಯ ಮಾಂಸ ಒಂದರಲ್ಲಿ, ಅದು ಇವತ್ತಿಗೆ. ಎದೆಯ ಮಾಂಸದಲ್ಲಿ ಮೂರರಲ್ಲಿ ಒಂದು ಪಾಲು ನಾಳೆ ಟಿಫಿನ್‌ಗೆ. ಮಿಕ್ಕ ಎರಡು ಪಾಲು ಫ್ರೀಜರ್‌ಗೆ. ಎಲುಬು, ರೆಕ್ಕೆ, ಎಲುಬಿಗೆ ಅಂಟಿದ ಚೂರುಪಾರು ಕೊನೆಯ ಡಬ್ಬಿಗೆ. ಡಬ್ಬಿ ಅಗಲವಾಗಿ, ಆಳ ಕಡಿಮೆ ಇರಲಿ, ಬೇಗ ತಣಿಯುತ್ತದೆ. ಇಷ್ಟಾದ ಮೇಲೇ ಎಲ್ಲರನ್ನೂ ಊಟಕ್ಕೆ ಕರೆಯಿರಿ.

ಲೆಗ್ ಪೀಸ್‌ಗೆ ಮಕ್ಕಳು ಜಗಳ ಆಡ್ತಾರೆ. ನೀವೇನು ಮಾಡ್ತೀರಿ?

ಲೆಗ್ ಪೀಸ್ ಇಡುವುದೇ ಇಲ್ಲ. ಕಾಲು ಎರಡು, ಮಕ್ಕಳು ಮೂರು. ಅದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಎಲ್ಲವನ್ನೂ ಬೆರಳಿನಲ್ಲಿ ಎಳೆ ಎಳೆಯಾಗಿ ಬಿಡಿಸಿ ಒಂದೇ ತಟ್ಟೆಗೆ ಹಾಕುತ್ತೇನೆ. ತುಂಡು ಇದ್ದರೆ ಎಣಿಸುತ್ತಾರೆ. ಬಿಡಿಸಿದರೆ ಯಾರಿಗೆ ಎಷ್ಟು ಹೋಯಿತು ಗೊತ್ತಾಗುವುದಿಲ್ಲ. ನನ್ನ ಗುಟ್ಟು ಅಂದರೆ ಇದೊಂದೇ, ಮಿಕ್ಕಿದ್ದೆಲ್ಲ ಸಾದಾ ಅಡುಗೆ.

ನಮ್ಮವರಿಗೆ ಇದು ಇವತ್ತಿಗೂ ಸರಿಹೋಗಿಲ್ಲ. "ಕೋಳಿ ತಂದವ ನಾನು, ಎಲಬ ಹಿಡದು ತಿನ್ನೂ ಹಂಗಿಲ್ಲ" ಅಂತ ಗೊಣಗುತ್ತಾರೆ. ಅವರಿಗೆ ಒಂದು ರೆಕ್ಕೆ ಕೊಡುತ್ತೇನೆ.

ಮೊದಲ ರಾತ್ರಿ ಊಟ?

ಸುಮಾರು 160 ಗ್ರಾಂ ಬಿಡಿಸಿದ ತೊಡೆ ಮಾಂಸ. ಎರಡು ದೊಡ್ಡ ಉಳ್ಳಾಗಡ್ಡಿ ಉದ್ದಕ್ಕೆ ಹೆಚ್ಚಿ, ಉಪ್ಪು ಹಾಕಿ ಹಿಂಡಿ ಅದರ ಜೊತೆ ಕಲಸಿ. ನಿಂಬೆಹಣ್ಣು, ಕೊತ್ತಂಬರಿ, ಒಂದು ಹಿಡಿ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ). ಈ ಪುಡಿ ಕೋಳಿಯ ರಸವನ್ನು ಹೀರಿಕೊಂಡು ಮೈಗೆ ಅಂಟುತ್ತದೆ, ಹಿಡಿ ದೊಡ್ಡದಾಗುತ್ತದೆ. ಜೊತೆಗೆ ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಅತ್ತೆಗೂ ಅದೇ ರೊಟ್ಟಿ, ಅದೇ ಪಲ್ಯ. ಬೇರೆ ಅಡುಗೆ ಇಲ್ಲ. ಅವರ ತಟ್ಟೆ, ಸೌಟು ಮಾತ್ರ ಬೇರೆ.

ಪೊಟ್ಟಣದ ಜೊತೆ ಬಂದ ಖುಬೂಸ್ (ಅರಬ್ಬರ ರೊಟ್ಟಿ) ಇದ್ದರೆ ಮಕ್ಕಳು ಮುಗಿಸುತ್ತಾರೆ. ರೊಟ್ಟಿಗೆ ಅದು ಸಾಟಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳದ್ದು ಬೇರೆ.

ಬುಧವಾರ ಟಿಫಿನ್‌ಗೆ?

ಮೂರು ತತ್ತಿ ಒಡೆದು ಬುರ್ಜಿ ಮಾಡಿ, ಕೊನೆಯಲ್ಲಿ ಸಣ್ಣಗೆ ಹರಿದ ಎದೆಯ ಮಾಂಸ ಸೇರಿಸಿ, ಹೊಗೆಯಾಡುವಂತೆ ಬಿಸಿ ಮಾಡಿ. ಚಪಾತಿಯಲ್ಲಿ ಸುತ್ತಿ. ಶಾಲೆಯ ಡಬ್ಬಿ ತೆರೆಯುವುದು ಒಂದು ಗಂಟೆಗೆ. ಅಷ್ಟು ಹೊತ್ತು ಹೊರಗೆ ಇಡಲು ನನಗೆ ಧೈರ್ಯ ಸಾಲದು. ಮಕ್ಕಳ ಡಬ್ಬಿಗೆ ಇದನ್ನು ಕಳಿಸುವುದಿಲ್ಲ, ಮಧ್ಯಾಹ್ನ ಮನೆಗೆ ಬಂದ ಮೇಲೆ ಮಾಡಿಕೊಡುತ್ತೇನೆ.

ಎಲುಬಿನಲ್ಲಿ ಏನಿದೆ ಅಂತ ಕುದಿಸ್ತೀರಿ?

ಬುಧವಾರ ರಾತ್ರಿಯ ಊಟ ಇದರಿಂದಲೇ. ನಾಲ್ಕು ಊಟದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ. ಎಸೆಯುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಎಲುಬು, ಕೀಲು, ರೆಕ್ಕೆಯ ತುದಿಗಳಲ್ಲಿ ಅಂಟಿನಂಥ ಒಂದು ಅಂಶ ಇರುತ್ತದೆ. ನಿಧಾನಕ್ಕೆ ಕುದಿಸಿದರೆ ಅದು ಕರಗಿ ನೀರಿಗೆ ಇಳಿಯುತ್ತದೆ. ಸಾರು ತುಟಿಗೆ ಸ್ವಲ್ಪ ಅಂಟಿದ ಹಾಗೆ ಆಗುತ್ತದಲ್ಲ, ಅದು ಇದರಿಂದಲೇ. ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನ ಜೆಲ್ಲಿಯಂತೆ ಅಲುಗಾಡುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ, ಚೆನ್ನಾಗಿ ಆಗಿದೆ ಅಂತ ಅರ್ಥ.

ಮೊದಲು ಎಲುಬಿಗೆ ಅಂಟಿದ ಕರಿ ಸುಟ್ಟ ಮಸಾಲೆಯನ್ನು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕಹಿ ಬರುತ್ತದೆ. ಆಮೇಲೆ ಕುಕ್ಕರ್‌ನಲ್ಲಿ ಎಲುಬು, ಒಂದೂವರೆ ಲೀಟರ್ ನೀರು, ಸಿಪ್ಪೆ ಸಮೇತ ಒಂದು ಉಳ್ಳಾಗಡ್ಡಿ, ಆರು ಎಸಳು ಬಳ್ಳೊಳ್ಳಿ, ಹತ್ತು ಕಾಳು ಮೆಣಸು. ಉಪ್ಪು ಬೇಡ, ಗ್ರಿಲ್ ಮಸಾಲೆಯಲ್ಲೇ ಬೇಕಾದಷ್ಟು ಇದೆ. ಒಂದು ಸೀಟಿ ಆದ ಮೇಲೆ ಉರಿ ಸಣ್ಣಗೆ ಮಾಡಿ ಮುಕ್ಕಾಲು ಗಂಟೆ. ಸೋಸಿ. ಎಲುಬಿಗೆ ಅಂಟಿದ್ದ ಚೂರು ಈಗ ತಾನಾಗಿ ಉದುರುತ್ತದೆ. ನನಗೆ ಪ್ರತಿ ಸಲ ಒಂದು ಬಟ್ಟಲು, 60 ಗ್ರಾಂನಷ್ಟು, ಸಿಗುತ್ತದೆ.

ಸೋಸಿದ ಸಾರಿನಲ್ಲಿ ಅರ್ಧ ಶುಕ್ರವಾರಕ್ಕೆ ಫ್ರೀಜರ್‌ಗೆ. ಇನ್ನರ್ಧಕ್ಕೆ ಆ ಚೂರು, ಬೇಯಿಸಿ ಮಸೆದ ಒಂದು ಬಟ್ಟಲು ತೊಗರಿ ಬೇಳೆ ಹಾಕಿ, ಖಾರಪುಡಿ, ಅರಿಶಿಣ, ಒಂದು ಚೂರು ಹುಣಸೆ. ಒಗ್ಗರಣೆಗೆ ಎಣ್ಣೆ ಬೇಡ: ಆ 70 ಗ್ರಾಂ ತೊಗಲನ್ನು ಬರಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿಟ್ಟರೆ ಎರಡು ಚಮಚ ಕೊಬ್ಬು ಇಳಿಯುತ್ತದೆ. ಅದರಲ್ಲೇ ಜೀರಿಗೆ, ಬಳ್ಳೊಳ್ಳಿ ಜಜ್ಜಿ ಹಾಕಿ. ಗರಿಗರಿಯಾದ ತೊಗಲಿಗೆ ಮಾವ ಕಾಯುತ್ತಿರುತ್ತಾರೆ.

ಈಗ ತಿನ್ನುವ ಬಗೆ. ಖಡಕ್ ರೊಟ್ಟಿಯನ್ನು ಗಂಗಾಳದಲ್ಲಿ ಕೈಯಿಂದ ಮುರಿಯಿರಿ, ತೀರಾ ಪುಡಿ ಬೇಡ. ಮೇಲೆ ಕುದಿಯುವ ಸಾರು ಹಾಕಿ ಎರಡು ನಿಮಿಷ ಬಿಡಿ. ಅಂಚು ಇನ್ನೂ ಸ್ವಲ್ಪ ಕರುಂ ಅನ್ನಬೇಕು, ನಡುಭಾಗ ಮೆತ್ತಗಾಗಿರಬೇಕು. ಮೇಲೆ ಹಸಿ ಉಳ್ಳಾಗಡ್ಡಿ. ಹಲ್ಲಿಲ್ಲದ ಮಾವನೂ ಎರಡು ಗಂಗಾಳ ಖಾಲಿ ಮಾಡುತ್ತಾರೆ. ಆ ರಾತ್ರಿ ಕೋಳಿ ಕಡಿಮೆಯಾಯಿತು ಅಂತ ಯಾರೂ ಇದುವರೆಗೆ ಹೇಳಿಲ್ಲ.

ಮಂಗಳವಾರವೇ ಯಾಕೆ ತರ್ತೀರಿ? ಭಾನುವಾರ ತಂದ್ರೆ ಆಗಲ್ವಾ?

ನಮ್ಮಲ್ಲಿ ಸೋಮವಾರ ತಿನ್ನುವುದಿಲ್ಲ. ಗುರುವಾರ ಗಾಣಗಾಪುರದ ದತ್ತಾತ್ರೇಯರ ವಾರ, ಶನಿವಾರ ಹನುಮಪ್ಪನದು. ಭಾನುವಾರ ತಂದರೆ ಮಾರನೇ ದಿನವೇ ತಡೆ. ಮಂಗಳವಾರ ತಂದರೆ ಅವತ್ತು ರಾತ್ರಿ, ಬುಧವಾರ ಎರಡು ಹೊತ್ತು, ಗುರುವಾರ ಬಿಡುವು, ಶುಕ್ರವಾರ ಮಧ್ಯಾಹ್ನ ಮುಕ್ತಾಯ. ನಿಮ್ಮ ಮನೆಯಲ್ಲಿ ಮಂಗಳವಾರವೇ ವಾರ ಹಿಡಿಯುವುದಾದರೆ ಬುಧವಾರ ಬೆಳಗ್ಗೆಯಿಂದ ಲೆಕ್ಕ ಹಾಕಬೇಕಾಗುತ್ತದೆ, ಆಗ ಮೂರು ಊಟಕ್ಕೆ ಮುಗಿಸಿ.

ಅಮಾವಾಸ್ಯೆ ಯಾವತ್ತು ಅಂತ ಮುಂಚೆಯೇ ಕ್ಯಾಲೆಂಡರ್ ನೋಡಿಕೊಳ್ಳಿ. ಶ್ರಾವಣಕ್ಕೆ ವಾರ ಇರುವಾಗಲೇ ಫ್ರೀಜರ್ ಖಾಲಿ ಮಾಡಿಬಿಡಿ. ಹಬ್ಬದ ದಿನ ಐಸ್ ತೆಗೆಯಲು ಹೋದಾಗ ಅತ್ತೆಯ ಕೈಗೆ ಕೋಳಿ ಡಬ್ಬಿ ಸಿಕ್ಕರೆ ಆಮೇಲಿನ ಮಾತು ನೀವೇ ಕೇಳಬೇಕು.

ಶುಕ್ರವಾರ ತಹರಿ ಮಾಡ್ತೀರಂತೆ. ಬೆಂದ ಕೋಳಿಯಲ್ಲಿ ತಹರಿ ಹೇಗೆ?

ಅಸಲಿ ತಹರಿಯಲ್ಲಿ ಹಸಿ ಮಾಂಸ, ಮಸಾಲೆ, ಅಕ್ಕಿ ಒಂದೇ ಪಾತ್ರೆಯಲ್ಲಿ ಬೇಯಬೇಕು. ಆಗ ಮಾಂಸದ ರಸವನ್ನೆಲ್ಲ ಅಕ್ಕಿ ಕುಡಿಯುತ್ತದೆ. ನಮ್ಮ ಕೋಳಿಯ ರಸ ಆಗಲೇ ಎಲುಬಿನ ಸಾರಿನಲ್ಲಿದೆ. ಹಾಗಾಗಿ ನೀರಿನ ಬದಲು ಸಾರು ಹಾಕಿ ಅನ್ನ ಮಾಡಿದರೆ ರುಚಿ ಅಕ್ಕಿಗೆ ಬಂದೇ ಬರುತ್ತದೆ.

ಅರ್ಧ ಕೆ.ಜಿ. ಅಕ್ಕಿ ನೆನೆಸಿಡಿ. ಉಳ್ಳಾಗಡ್ಡಿ ಕೆಂಪಗೆ ಹುರಿದು, ಹಸಿ ಶುಂಠಿ ಬಳ್ಳೊಳ್ಳಿ ಪೇಸ್ಟು, ಹಸಿಮೆಣಸಿನಕಾಯಿ, ಅರಿಶಿಣ, ಟೊಮೆಟೊ, ಪುದೀನ. ಎರಡು ಆಲೂಗಡ್ಡೆ ದೊಡ್ಡದಾಗಿ ಹೆಚ್ಚಿ ಹಾಕಿ, ಮಕ್ಕಳು ಅದನ್ನೇ ಕೋಳಿ ಅಂದುಕೊಂಡು ತಿನ್ನುತ್ತಾರೆ. ಸಾರು ಸಾಲದಿದ್ದರೆ ಬಿಸಿ ನೀರು ಸೇರಿಸಿ. ನೀರು ಇಂಗಿ ಅಕ್ಕಿಯ ಮೇಲೆ ತೂತು ತೂತು ಕಾಣುವಾಗ ಆ 140 ಗ್ರಾಂ ಎದೆ ಮಾಂಸವನ್ನು ಮೇಲೆ ಹರಡಿ ಮುಚ್ಚಳ ಬಿಗಿ ಮಾಡಿ ಹದಿನೈದು ನಿಮಿಷ ದಮ್ ಕೊಡಿ. ಮೊದಲೇ ಹಾಕಿದರೆ ಎದೆಯ ಮಾಂಸ ನಾರು ನಾರಾಗಿ ಹಗ್ಗ ಅಗಿದ ಹಾಗೆ ಆಗುತ್ತದೆ. ಗ್ರಿಲ್ ಕೋಳಿಯ ಯಾವ ಅಡುಗೆಗೂ ಇದು ಅನ್ವಯ: ಒಮ್ಮೆ ಬೆಂದಿದೆ, ಮತ್ತೆ ಬೇಯಿಸಬೇಡಿ, ಕೊನೆಗೆ ಹಾಕಿ ಚೆನ್ನಾಗಿ ಬಿಸಿ ಮಾಡಿ.

ಪಕ್ಕದ ಮನೆಯ ಖಾಲಾಗೆ ಒಂದು ಬಟ್ಟಲು ಕೊಟ್ಟಿದ್ದೆ. ರುಚಿ ನೋಡಿ, "ಅಚ್ಛಾ ಹೈ, ಪರ್ ಇದಕ್ಕ ತಹರಿ ಅನಬ್ಯಾಡ" ಅಂದರು. ಅವರ ಮಾತು ನಿಜ. ನೀವು ಮಸಾಲೆ ಅನ್ನ ಅಂತಲೇ ಕರೆಯಿರಿ.

ಅನ್ನ ಬೇಡ ಅಂದ್ರೆ?

ಪುಂಡಿಪಲ್ಯ. ನಾವು ದಿನಾ ಮಾಡುವ ಹಾಗೇ ಪುಂಡಿಸೊಪ್ಪು, ಸ್ವಲ್ಪ ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಮಸೆದು, ಬಳ್ಳೊಳ್ಳಿ ಒಗ್ಗರಣೆ ಕೊಟ್ಟು, ಕೊನೆಗೆ ಹರಿದ ಕೋಳಿ ಬೆರೆಸಿ. ಸೊಪ್ಪಿನ ಹುಳಿ ಹಳೆ ಗ್ರಿಲ್ ಮಸಾಲೆಯ ಜಿಡ್ಡನ್ನು ಮುರಿಯುತ್ತದೆ. ಅತ್ತೆಯ ಪಾಲನ್ನು ಕೋಳಿ ಹಾಕುವ ಮುಂಚೆ ತೆಗೆದಿಡಿ.

ಜುಣಕಕ್ಕೆ ಹಾಕಿಯೂ ನೋಡಿದ್ದೇನೆ. ಚೆನ್ನಾಗಿರಲಿಲ್ಲ. ಕಡಲೆಹಿಟ್ಟಿನಲ್ಲಿ ಕೋಳಿ ಎಲ್ಲಿ ಹೋಯಿತೋ ಹುಡುಕಬೇಕಾಯಿತು.

ನಮ್ಮೂರ ಬಿಸಿಲಿಗೆ ಕೋಳಿ ಎಷ್ಟು ಹೊತ್ತು ತಡೆಯುತ್ತೆ?

ಹೊರಗೆ ಇಟ್ಟರೆ, ಬೇಸಿಗೆಯಲ್ಲಿ ಒಂದು ಗಂಟೆ. ಮಿಕ್ಕ ಕಾಲದಲ್ಲಿ ಎರಡು ಗಂಟೆ. ಅಂಗಡಿಯಿಂದ ಹೊರಟಾಗಿನಿಂದಲೇ ಗಡಿಯಾರ ನೋಡಿ, ಮನೆ ಮುಟ್ಟಿದ ಮೇಲಿಂದ ಅಲ್ಲ.

ಬೆಂದ ಮಾಂಸದಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ಹೆಚ್ಚಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಹೊರಗೆ 32 ಡಿಗ್ರಿ ದಾಟಿದರೆ ಇಡುವ ಅವಧಿ ಅರ್ಧಕ್ಕೆ ಇಳಿಸಬೇಕು ಅಂತ ಆಹಾರ ಸುರಕ್ಷತೆಯವರು ಹೇಳುತ್ತಾರೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42–43 ಡಿಗ್ರಿ ಮಾಮೂಲು, ರಾತ್ರಿ ಅಡುಗೆಮನೆಯೊಳಗೂ 32 ದಾಟಿರುತ್ತದೆ. ಹಾಗಾಗಿ ನಮಗೆ ಆ ಒಂದು ಗಂಟೆಯೇ ಗತಿ.

ಫ್ರಿಜ್‌ನಲ್ಲಿ 4 ಡಿಗ್ರಿಗಿಂತ ತಣ್ಣಗೆ ಇದ್ದರೆ ಮೂರು, ಹೆಚ್ಚೆಂದರೆ ನಾಲ್ಕು ದಿನ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ರುಚಿ ಇಳಿಯುತ್ತದೆ. ನಾನು ಹದಿನೈದು ದಿನಕ್ಕಿಂತ ಇಟ್ಟಿಲ್ಲ. ಫ್ರೀಜರ್‌ನಿಂದ ತೆಗೆದದ್ದನ್ನು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಅಟ್ಟಕ್ಕೆ ಇಳಿಸಿ. ಕಟ್ಟೆ ಮೇಲಿಟ್ಟು ಕರಗಿಸಬೇಡಿ.

ಕರೆಂಟ್ ಹೋದ್ರೆ?

ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ತಡೆಯುತ್ತದೆ. "ಕೋಳಿ ಹ್ಯಾಂಗದ ನೋಡ್ತೀನಿ" ಅಂತ ಹತ್ತು ನಿಮಿಷಕ್ಕೊಮ್ಮೆ ತೆರೆಯುವವರು ಇದ್ದರೆ ಈ ಲೆಕ್ಕ ಬಿಟ್ಟುಬಿಡಿ.

ಸ್ವಲ್ಪ ವಾಸನೆ ಬಂದ್ರೆ ಚೆನ್ನಾಗಿ ಕುದಿಸಿದ್ರೆ ಆಯ್ತಲ್ವಾ?

ಆಗುವುದಿಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು.

ಮದುವೆಯಾದ ಹೊಸದರ ಮಾತಲ್ಲ, ಎರಡನೇ ಮಗು ಆದ ಮೇಲಿನದು. ಮೇ ತಿಂಗಳು. ಎಲುಬಿನ ಸಾರು ಮಾಡಿ, ಆರಲಿ ಅಂತ ದೊಡ್ಡ ಬೋಗಾಣಿಯಲ್ಲಿ ಒಲೆ ಮೇಲೇ ಬಿಟ್ಟು ಮಲಗಿಬಿಟ್ಟೆ. ಬೆಳಗ್ಗೆ ಮುಚ್ಚಳ ತೆಗೆದಾಗ ಅಂಚಿನಲ್ಲಿ ಸಣ್ಣ ನೊರೆ. ಮೂಗಿಗೆ ಅಂಥಾದ್ದೇನೂ ಬರಲಿಲ್ಲ. ಚೆಲ್ಲಲು ಮನಸ್ಸಾಗಲಿಲ್ಲ. ಹತ್ತು ನಿಮಿಷ ಕುದಿಸಿ ಬಡಿಸಿದೆ. ಸಂಜೆಯೊಳಗೆ ದೊಡ್ಡವಳಿಗೂ ಮಾವನಿಗೂ ವಾಂತಿ ಶುರು. ಎರಡು ದಿನ ಓಆರ್‌ಎಸ್ ಕಲಸಿ ಕಲಸಿ ಕೊಟ್ಟೆ. ಉಳಿಸಿದ್ದು ಒಂದು ಬೋಗಾಣಿ ಸಾರು.

ಕುದಿಸಿದರೆ ಸೂಕ್ಷ್ಮಜೀವಿ ಸಾಯಬಹುದು. ಆದರೆ ಅವುಗಳಲ್ಲಿ ಕೆಲವು ಅಷ್ಟೊತ್ತಿಗೆ ಬಿಟ್ಟಿರುವ ವಿಷ ಕುದಿಸಿದರೂ ಹೋಗುವುದಿಲ್ಲ. ಇನ್ನು ಕೆಲವು ವಾಸನೆಯನ್ನೇ ಕೊಡುವುದಿಲ್ಲ. ಈಗ ಸಾರು ಸೋಸಿದ ಕೂಡಲೇ ಬೋಗಾಣಿಯನ್ನು ತಣ್ಣೀರು ತುಂಬಿದ ಟಬ್‌ನಲ್ಲಿ ಕೂರಿಸಿ ಸೌಟು ಆಡಿಸುತ್ತೇನೆ, ಎರಡು ಸಲ ನೀರು ಬದಲಿಸುತ್ತೇನೆ. ಉಗುರು ಬೆಚ್ಚಗಾದ ಕೂಡಲೇ ಸಣ್ಣ ಡಬ್ಬಿಗಳಲ್ಲಿ ಫ್ರಿಜ್‌ಗೆ. ಅನ್ನಕ್ಕೂ ಇದೇ ಎಚ್ಚರಿಕೆ ಬೇಕು.

ಎಷ್ಟು ಸಲ ಬಿಸಿ ಮಾಡಬಹುದು?

ಒಮ್ಮೆ. ಬೇಕಾದಷ್ಟನ್ನೇ ತೆಗೆದು, ಒಳಗಿನವರೆಗೂ ಹಬೆ ಬರುವಂತೆ, 74 ಡಿಗ್ರಿ ಮುಟ್ಟುವಂತೆ ಬಿಸಿ ಮಾಡಿ. ಥರ್ಮಾಮೀಟರ್ ಇಲ್ಲದಿದ್ದರೆ ಸಾರು ಬುಳಬುಳ ಕುದಿಯಲಿ.

ಎಲುಬಿನ ಹತ್ತಿರ ಕೆಂಪಗಿದೆ. ಬೆಂದಿಲ್ವಾ?

ಬೆಂದಿರಬಹುದು. ಬ್ರಾಯ್ಲರ್ ಕೋಳಿಗೆ ವಯಸ್ಸು ತಿಂಗಳು ಒಂದೂವರೆ ತಿಂಗಳು ಅಷ್ಟೇ. ಎಲುಬು ಎಳೆಯದು, ಬೇಯುವಾಗ ಮಜ್ಜೆಯ ಬಣ್ಣ ಹೊರಗೆ ಇಳಿದು ಪಕ್ಕದ ಮಾಂಸ ಕೆಂಪಗೆ ಕಾಣುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಮಾಂಸ ರಬ್ಬರ್‌ನಂತೆ ಜಗ್ಗಿದರೆ, ಕೀಲು ಬಿಡದಿದ್ದರೆ, ಒಳಗೆ ತಣ್ಣಗಿದ್ದರೆ ಅದು ಹಸಿ. ಅನುಮಾನ ಇದ್ದರೆ ಆ ಭಾಗವನ್ನು ತಿನ್ನುವ ಮುಂಚೆ ಕುಕ್ಕರ್‌ಗೆ ಹಾಕಿ ಬೇಯಿಸಿಬಿಡಿ.

ಜೊತೆಗೆ ಕೊಡೋ ಮಯೋನೀಸ್ ಇಟ್ಟುಕೊಳ್ಳಬಹುದಾ?

ಬೇಡ. ಅದರಲ್ಲಿ ಹಸಿ ತತ್ತಿ ಇದ್ದರೆ ನಮ್ಮ ಬಿಸಿಲಿಗೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಪಕ್ಕದ ತೆಲಂಗಾಣ 2024ರ ಅಕ್ಟೋಬರ್ ಕೊನೆಯಲ್ಲಿ ಹಸಿ ತತ್ತಿಯ ಮಯೋನೀಸನ್ನು ಒಂದು ವರ್ಷಕ್ಕೆ ನಿಷೇಧಿಸಿತ್ತು. ಮಕ್ಕಳು ಹಟ ಮಾಡಿದರೆ ಗಟ್ಟಿ ಮೊಸರಿಗೆ ಬಳ್ಳೊಳ್ಳಿ, ಉಪ್ಪು, ಸ್ವಲ್ಪ ಮೆಣಸಿನಪುಡಿ ಕಲಸಿ ಕೊಡಿ.

ಕೋಳಿ ಕೆಂಪಗೆ ಹೊಳೀತಾ ಇದ್ರೆ ಒಳ್ಳೇದಾ?

ಖಾರಪುಡಿಯ ಕೆಂಪು ಬೆಂದ ಮೇಲೆ ಕಂದಾಗುತ್ತದೆ. ಬೆರಳಿಗೆ ಹತ್ತಿದರೆ ಸೋಪಿಗೂ ಹೋಗದಂಥ ಕೆಂಪು, ಬಣ್ಣದ ಡಬ್ಬಿಯಿಂದ ಬಂದದ್ದು. 2024ರಲ್ಲಿ ನಮ್ಮ ಸರ್ಕಾರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು. ಬಣ್ಣ ಹಾಕಿದ ಕೋಳಿಯ ಸಾರು ಹೋಳಿ ಹಬ್ಬದ ನೀರಿನಂತೆ ಕಾಣುತ್ತದೆ, ಒಮ್ಮೆ ನೋಡಿದ್ದೇನೆ. ಆ ಅಂಗಡಿ ಬಿಟ್ಟೆ.

ಜವಾರಿ ಕೋಳಿಯಲ್ಲಿ ಹೀಗೆ ಮಾಡಬಹುದಾ?

ಸಾರಿಗೆ ಅದಕ್ಕೆ ಸಮ ಯಾವುದೂ ಇಲ್ಲ. ಗ್ರಿಲ್‌ಗೆ ಬೇಡ, ಹಲ್ಲು ಹೋಗುತ್ತವೆ.

ಮನೆಯಲ್ಲೇ ಸುಟ್ಟರೆ ಅಗ್ಗ ಅಲ್ವಾ?

ಹಸಿ ಕೋಳಿಯ ಬೆಲೆ ನೋಡಿದರೆ ಅಗ್ಗ ಹೌದು. ಆದರೆ ಓವನ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಸುಡಬೇಕು, ಮೇ ತಿಂಗಳಲ್ಲಿ ಆ ಅಡುಗೆಮನೆಯಲ್ಲಿ ನಿಲ್ಲುವವರು ಯಾರು? ಹದಿನೈದು ದಿನಕ್ಕೊಮ್ಮೆ ಒಂದು ಸಂಜೆ ಒಲೆಯ ಮುಂದೆ ನಿಲ್ಲದೆ ಇರುವುದಕ್ಕೂ ಸೇರಿಸಿಯೇ ನಾನು ಅಂಗಡಿಯವನಿಗೆ ದುಡ್ಡು ಕೊಡುವುದು. ಚಳಿಗಾಲದಲ್ಲಿ ಮಾಡಿ ನೋಡಿ.

ಅತ್ತೆ ತಂಗಳು ತಿನ್ನಬಾರದು ಅಂತಾರೆ. ಏನು ಹೇಳೋದು?

ವಾದ ಮಾಡಬೇಡಿ. ಫ್ರಿಜ್ ಇಲ್ಲದ ಕಾಲದಲ್ಲಿ ಅವರು ಹೇಳಿದ್ದೇ ಸರಿಯಾಗಿತ್ತು. ನಿನ್ನೆಯ ಕೋಳಿಯನ್ನು ನಿನ್ನೆಯ ಹಾಗೇ ತಟ್ಟೆಗೆ ಇಡದಿದ್ದರೆ ಅರ್ಧ ಮಾತು ತಾನಾಗಿ ನಿಲ್ಲುತ್ತದೆ. ಹೊಸ ಒಗ್ಗರಣೆಯ ವಾಸನೆ ಬಂದರೆ ಅದು ಇವತ್ತಿನ ಅಡುಗೆಯೇ.

ಕುದಿಸಿದ ಎಲುಬನ್ನು ನಾಯಿಗೆ ಹಾಕಬಹುದಾ?

ಬೇಡ. ಬೆಂದ ಕೋಳಿಯ ಎಲುಬು ಚೂಪಾಗಿ ಸೀಳುತ್ತದೆ, ಗಂಟಲಿಗೆ ಚುಚ್ಚುತ್ತದೆ. ನಮ್ಮ ಎಲುಬು ನಾಯಿಯ ತನಕ ಹೋಗುವುದೂ ಇಲ್ಲ. ಬುಧವಾರ ಸಂಜೆ ಸಾರು ಸೋಸುವ ಸದ್ದು ಕೇಳಿದರೆ ಸಣ್ಣವನು ಬಂದು ಬಾಗಿಲ ಹತ್ತಿರ ನಿಲ್ಲುತ್ತಾನೆ. ಮಂಗಳವಾರ ಸಿಗದ ಲೆಗ್ ಪೀಸ್‌ನ ಎರಡು ದಪ್ಪ ಎಲುಬು ಅವನಿಗೆ. ಮಾಂಸ ಒಂದು ಚೂರೂ ಇರುವುದಿಲ್ಲ. ಎರಡೂ ಕೈಯಲ್ಲಿ ಒಂದೊಂದು ಹಿಡಿದು, ಮೆಟ್ಟಿಲ ಮೇಲೆ ಕೂತು, ಅಕ್ಕಂದಿರಿಗೆ ತೋರಿಸಿ ತೋರಿಸಿ ಚೀಪುತ್ತಾನೆ.